ಲೆಕ್ಕ ತಿಳಿಯದ ನಂಬಿಕೆ

“ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರ. ಮಗನಿಗೆ ಪರೀಕ್ಷೆಯಲ್ಲಿ ಅಂಕಗಳು ಕಡಮೆಯಾದಾಗ, ಮಗಳ ಮದುವೆಗೆ ಹಣ ಹೊಂದದಾದಾಗ, ಮನೆಯ ಯಜಮಾನರು ನಿವೃತ್ತರಾಗಿ ತಿಂಗಳ ಕೊನೆಯ ವಾರ ಬಲು ಉದ್ದವಾಗಿ ತೋರಿದಾಗ, ಮನೆಯ ಹಿರಿಯರು ಈ ಮಾತನ್ನಾಡಿ ನಮ್ಮ ಬೆನ್ನು ತಟ್ಟುತ್ತಾರೆ. ಬಹುಮಟ್ಟಿಗೆ ಆ ಮಾತು ನಿಜವೂ ಆಗುತ್ತದೆ. ಹೇಗೋ ಏನೋ ದಾರಿಯೊಂದು ತೆರೆದುಕೊಳ್ಳುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅಂದಿನ ಕಳವಳವನ್ನು ನೆನೆದು ನಾವೇ ನಗುತ್ತೇವೆ.

ಆದರೆ ಗಾದೆಯ ಬಂಗಾರವನ್ನು ಒರೆಗೆ ಹಚ್ಚಬೇಕಾದದ್ದು ಇಂಥ ಸಣ್ಣ ತೊಡಕುಗಳಲ್ಲಲ್ಲ. 1791-92ರಲ್ಲಿ ಉತ್ತರ ಕರ್ನಾಟಕದಲ್ಲೊಂದು ಬರಗಾಲ ಬಂದಿತು. ಹೂಳುವವರಿಲ್ಲದೆ ಉಳಿದ ಹೆಣಗಳ ತಲೆಬುರುಡೆಗಳು ನೆಲದ ತುಂಬ ಬಿದ್ದಿದ್ದುವೆಂಬ ಕಾರಣಕ್ಕೆ ವಿಜಾಪುರ ಸೀಮೆಯ ಜನರು ಅದನ್ನು ತಲೆಬುರುಡೆಯ ಬರವೆಂದೇ ನೆನಪಿನಲ್ಲಿಟ್ಟುಕೊಂಡರು. ಆ ಬುರುಡೆಗಳ ನಡುವೆ ನಿಂತು, “ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ” ಎಂದು ಹೇಳಬಲ್ಲವರಾರು? ಹೇಳಿದರೆ ಕೇಳುವವರಾರು? ದೇವರಲ್ಲಿ ನಂಬಿಕೆಯುಳ್ಳವರು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಇಂದಿನ ಅಂಕಣವನ್ನು ಆ ಪ್ರಶ್ನೆಗೇ ಮೀಸಲಾಗಿಡೋಣ.

ಬರ ಹಳೆಯ ಮಾತಾಯಿತೆಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಕೊಳಕೂರ ಎಂಬುದೊಂದು ಊರು. ಆಳಂದ, ಅಫಜಲಪುರ, ಜೇವರ್ಗಿಗಳ ಈ ಸೀಮೆಯನ್ನು ಕಂಡವರಿಗೆ ಅಲ್ಲಿನ ಎರೆಭೂಮಿಯ ಪರಿಚಯ ಬೇರೆ ಬೇಕಿಲ್ಲ. ಬೇಸಗೆಯಲ್ಲಿ ಬಿರಿದು ಬಾಯ್ದೆರೆಯುವ ಆ ಕಪ್ಪು ನೆಲ ಮಳೆಗಾಲದಲ್ಲಿ ಕಾಲನ್ನು ಹಿಡಿದು ಬಿಡದು. ಅಲ್ಲಿಯ ತೊಗರಿಯ ಹೆಸರು ನಾಡಿನ ಅಡಿಗೆಮನೆಗಳಿಗೆಲ್ಲ ಗೊತ್ತು. 2019ರಲ್ಲಿ ‘ಕಲಬುರಗಿ ತೊಗರಿಬೇಳೆ’ಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಾವು ಸಾರು ಕುದಿಸುವಾಗ ಆ ಸೀಮೆಯ ಒಕ್ಕಲಿಗನ ಒಂದು ವರ್ಷದ ಬಾಳು ನಮ್ಮ ಪಾತ್ರೆಯಲ್ಲಿ ಬೇಯುತ್ತಿರುತ್ತದೆ.

2020ರ ಅಕ್ಟೋಬರ್ ತಿಂಗಳ ನಡುವೆ, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವೊಂದು ಆಂಧ್ರದ ಕರಾವಳಿಯನ್ನು ದಾಟಿ, ದಖ್ಖಣದ ಉದ್ದಕ್ಕೂ ಮಳೆಯನ್ನು ಸುರಿಸುತ್ತ ಪಶ್ಚಿಮಕ್ಕೆ ಸಾಗಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಮಳೆಯ ನೀರೂ ಕೂಡಿ ಭೀಮಾನದಿ ಉಕ್ಕಿತು. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು ಹರಿಯುವ ನದಿ ಅದು. ಭಕ್ತರು ಕೈಮುಗಿದು ಮೀಯುವ ಅದೇ ನೀರು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಡದ ಹಳ್ಳಿಗಳಲ್ಲಿ ಹೊಸ್ತಿಲು ದಾಟಿ ಮನೆಯೊಳಕ್ಕೆ ಬಂದಿತು. ತೊಗರಿ ಹೂ ಬಿಡುವ ಕಾಲ. ಹತ್ತಿ ಒಡೆಯುವ ಕಾಲ. ಜನ ಮಕ್ಕಳನ್ನೂ ದನಗಳನ್ನೂ ಕಟ್ಟಿಕೊಂಡು ಕಾಳಜಿ ಕೇಂದ್ರಗಳಿಗೆ ನಡೆದರು. ನೀರು ಇಳಿದ ಮೇಲೆ ಹೊಲದಲ್ಲಿ ಉಳಿದದ್ದು ಕೊಳೆತ ಗಿಡ ಮತ್ತು ಕೆಸರು. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ನೆಟೆರೋಗ ತಗುಲಿ, ಕಾಯಿಗಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲಿಯೇ ಒಣಗಿಹೋದುವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೊಮ್ಮೆ ಉಕ್ಕಿದಳು.

ಬೆಳಗ್ಗೆ ಎದ್ದು ಪೂಜೆ ಮಾಡಿ, ಸಾಲ ತಂದು ಬೀಜಗೊಬ್ಬರ ಹಾಕಿ, ಯಾರಿಗೂ ಕೇಡು ಬಯಸದೆ ಬಾಳಿದ ಮನುಷ್ಯ ಇಂಥ ಹೊಲದ ಬದುವಿನ ಮೇಲೆ ನಿಂತು, “ನಾನು ಮಾಡಿದ ತಪ್ಪೇನು?” ಎಂದು ಕೇಳಿದರೆ ಅದಕ್ಕೆ ಏನು ಉತ್ತರವಿದೆ? ಹೊಲವಿಲ್ಲದ ಪಟ್ಟಣದ ಮನೆಗಳಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತ ತಾಯಿ ಕೇಳುವುದೂ ಅದನ್ನೇ. ಮದುವೆಯಾದ ವರ್ಷವೇ ಮಗನನ್ನು ಕಳೆದುಕೊಂಡ ತಂದೆ ಕೇಳುವುದೂ ಅದನ್ನೇ.

ಲೋಕದಲ್ಲಿ ಈ ಪ್ರಶ್ನೆಗೆ ಮೂರು ಸಿದ್ಧ ಉತ್ತರಗಳು ಬಳಕೆಯಲ್ಲಿವೆ. ಮೂರನ್ನೂ ನಾವು ಕೇಳಿದ್ದೇವೆ. ಬಹುಶಃ ಮೂರನ್ನೂ ಹೇಳಿಯೂ ಇದ್ದೇವೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯದು, “ಇದು ಮಾಡಿದ ಪಾಪಕ್ಕೆ ಶಿಕ್ಷೆ” ಎಂಬ ಉತ್ತರ. 1934ರ ಜನವರಿ 15ರಂದು ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೀಕರವಾದ ಭೂಕಂಪವಾಗಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಆಗ ಹರಿಜನೋದ್ಧಾರಕ್ಕಾಗಿ ದಕ್ಷಿಣ ದೇಶದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿಯವರು, ಅಸ್ಪೃಶ್ಯತೆಯ ಪಾಪಕ್ಕಾಗಿ ದೇವರು ಕೊಟ್ಟ ದಂಡನೆ ಇದೆಂದು ಸಾರಿದರು. ಅಸ್ಪೃಶ್ಯತೆಯನ್ನು ಗಾಂಧೀಜಿಯವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಕೇಳಿ ನೊಂದು, ಪ್ರಕೃತಿಯ ಉತ್ಪಾತಗಳನ್ನು ನೀತಿಯ ಲೆಕ್ಕಕ್ಕೆ ಗಂಟುಹಾಕುವುದು ಸಲ್ಲದೆಂದು ಬಹಿರಂಗವಾಗಿ ಬರೆದರು. ಗಾಂಧೀಜಿಯವರು ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿಸಿ, ತಮ್ಮ ನಂಬಿಕೆಯನ್ನು ಬಿಡದೆ ಉತ್ತರವನ್ನೂ ಬರೆದರು. ಇಬ್ಬರ ಸ್ನೇಹಕ್ಕೆ ಇದರಿಂದ ಕುಂದು ಬರಲಿಲ್ಲ.

ಈ ವಾದದಲ್ಲಿ ಯಾರು ಗೆದ್ದರೆಂದು ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಭೂಮಿ ನಡುಗಿದಾಗ ಅಸ್ಪೃಶ್ಯತೆಯನ್ನು ಆಚರಿಸಿದವನ ಮಹಡಿಯೂ ಬೀಳುತ್ತದೆ, ಅದನ್ನು ಅನುಭವಿಸಿದವನ ಗುಡಿಸಲೂ ಬೀಳುತ್ತದೆ. ತೊಟ್ಟಿಲಲ್ಲಿ ಮಲಗಿದ ಕೂಸು ಯಾವ ಪಾಪವನ್ನೂ ಮಾಡಿರುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಗಾಂಧೀಜಿಯವರು ಆ ಪಾಪದ ಹೊರೆಯನ್ನು ಇತರರ ತಲೆಯ ಮೇಲೆ ಹೊರಿಸಿ ತಾವು ಬದಿಗೆ ಸರಿಯಲಿಲ್ಲ. ತಮ್ಮನ್ನೂ ಸೇರಿಸಿಕೊಂಡು ‘ನಾವು’ ಎಂದರು. ಮಾರ್ಚಿಯಲ್ಲಿ ತಾವೇ ಬಿಹಾರಕ್ಕೆ ಹೋಗಿ ಪರಿಹಾರದ ಕೆಲಸಕ್ಕೆ ನಿಂತರು. ತನ್ನ ಕಷ್ಟವನ್ನು ಕಂಡು, “ನನ್ನಲ್ಲಿ ತಿದ್ದಿಕೊಳ್ಳಬೇಕಾದದ್ದು ಏನಾದರೂ ಇದೆಯೇ?” ಎಂದು ಮನುಷ್ಯ ತನ್ನನ್ನು ತಾನು ಕೇಳಿಕೊಂಡರೆ ಅದು ಆತ್ಮಶೋಧನೆ. ನೆರೆಯವನ ಕಷ್ಟವನ್ನು ಕಂಡು, “ಎಲ್ಲಿಯೋ ಏನೋ ಮಾಡಿರಬೇಕು” ಎಂದು ಪಿಸುಗುಟ್ಟಿದರೆ ಅದು ಕ್ರೌರ್ಯ. ಒಂದೇ ಮಾತು, ಯಾರ ಕಡೆಗೆ ತಿರುಗಿದೆ ಎಂಬುದರ ಮೇಲೆ ಔಷಧವೂ ಆಗುತ್ತದೆ, ವಿಷವೂ ಆಗುತ್ತದೆ.

ಎರಡನೆಯದು, “ಆಗುವುದೆಲ್ಲ ಒಳ್ಳೆಯದಕ್ಕೇ” ಎಂಬ ಉತ್ತರ. ಇದು ಮೊದಲನೆಯದಕ್ಕಿಂತ ಮೃದುವಾದದ್ದು. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೂ ಸಮಯ ತಪ್ಪಿ ಆಡಿದಾಗ ಇದರಷ್ಟು ಇರಿಯುವ ಮಾತು ಬೇರೊಂದಿಲ್ಲ. ರಾಘವಾಂಕನ ಹರಿಶ್ಚಂದ್ರನ ಕಥೆಯನ್ನು ನೆನೆದುಕೊಳ್ಳಿ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಪಂತ ಬಿದ್ದದ್ದು ಓದುಗರಾದ ನಮಗೆ ಮೊದಲೇ ಗೊತ್ತು. ಕೊನೆಗೆ ಕಾಶಿಯ ವಿಶ್ವನಾಥ ಪ್ರತ್ಯಕ್ಷನಾಗುವನೆಂಬುದೂ ಗೊತ್ತು. ಆದುದರಿಂದ ನಾವು ಕಣ್ಣೊರೆಸಿಕೊಳ್ಳುತ್ತಲೇ ನಿಶ್ಚಿಂತರಾಗಿ ಪುಟ ತಿರುವುತ್ತೇವೆ. ಆದರೆ ಹರಿಶ್ಚಂದ್ರನಿಗೆ ಇದಾವುದೂ ಗೊತ್ತಿರಲಿಲ್ಲ. ಅವನ ಪಾಲಿಗೆ ಇದ್ದದ್ದು ಸುಡುಗಾಡಿನ ಕಾವಲು, ಹಾವು ಕಚ್ಚಿ ಸತ್ತ ಮಗ, ಆ ಮಗನನ್ನು ಹೊತ್ತು ತಂದ ಹೆಂಡತಿ. ಅಂದಿನ ಆ ಇರುಳಿನಲ್ಲಿ ಯಾರಾದರೂ ಬಂದು ಚಂದ್ರಮತಿಯ ಮುಂದೆ, “ಅಳಬೇಡ ತಾಯಿ, ಇದೆಲ್ಲ ಒಳ್ಳೆಯದಕ್ಕೇ” ಎಂದಿದ್ದರೆ ನಾವು ಅವನನ್ನು ಜ್ಞಾನಿಯೆನ್ನುತ್ತಿದ್ದೆವೇ?

ಹರಿಶ್ಚಂದ್ರನ ಹಿರಿಮೆ ಇರುವುದು ಇಲ್ಲಿಯೇ. ಅಂತ್ಯ ತಿಳಿದಿದ್ದೂ ಸತ್ಯ ಬಿಡದೆ ನಿಂತವನಲ್ಲ ಅವನು. ಅಂತ್ಯ ತಿಳಿಯದೆಯೇ ನಿಂತವನು. ಈ ಪತ್ರಿಕೆಯ ಧಾರಾವಾಹಿಗಳನ್ನು ಓದುವ ಗೃಹಿಣಿಯರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುವುದು. ನಾಯಕಿ ಸಂಕಟದ ತುದಿಯಲ್ಲಿ ನಿಂತಾಗಲೇ ‘ಮುಂದಿನ ಸಂಚಿಕೆಗೆ’ ಎಂದು ಅಚ್ಚಾಗಿರುತ್ತದೆ. ಆ ವಾರವೆಲ್ಲ ನಾವು ಕಾಯುತ್ತೇವೆ. ಲೇಖಕರು ಮುಂದೆ ಏನು ಮಾಡುವರೆಂಬುದು ತಿಳಿಯದೆಯೂ ಕಥೆಯನ್ನು ಕೈಬಿಡುವುದಿಲ್ಲ. ನಮ್ಮ ಬಾಳಿನಲ್ಲಿ ನಾವು ಓದುಗರ ಜಾಗದಲ್ಲಿಯೂ ಇಲ್ಲ, ಪಾತ್ರಗಳ ಜಾಗದಲ್ಲಿದ್ದೇವೆ. ಮುಂದಿನ ಸಂಚಿಕೆಯನ್ನು ತಾನು ಓದಿಬಿಟ್ಟಿರುವಂತೆ ಇನ್ನೊಂದು ಪಾತ್ರಕ್ಕೆ ಭರವಸೆ ಕೊಡುವ ಅಧಿಕಾರ ಯಾವ ಪಾತ್ರಕ್ಕೂ ಇಲ್ಲ.

ಮೂರನೆಯದು, “ದೇವರನ್ನು ಹಾಗೆಲ್ಲ ಕೇಳಬಾರದು” ಎಂಬ ಗದರಿಕೆ. ಭಕ್ತಿಯ ಹೆಸರಿನಲ್ಲಿ ಹೇಳಿದರೂ ಇದು ನಮ್ಮ ನಾಡಿನ ಭಕ್ತಿಯ ಸಂಪ್ರದಾಯಕ್ಕೆ ಒಪ್ಪುವ ಮಾತಲ್ಲ. ನಮ್ಮ ಶರಣರೂ ದಾಸರೂ ದೇವರೊಡನೆ ಜಗಳವಾಡಿದ್ದಾರೆ, ಮುನಿಸಿಕೊಂಡಿದ್ದಾರೆ, ಕೊಂಕುನುಡಿದಿದ್ದಾರೆ. ನಿಂದಾಸ್ತುತಿ ಎಂಬ ಪ್ರಕಾರವೇ ಅದರಿಂದ ಬೆಳೆದು ಬಂದಿದೆ. ತಾಯಿಯ ಮೇಲೆ ಕೋಪಗೊಂಡ ಮಗು ತಾಯಿಯ ಸೆರಗನ್ನು ಹಿಡಿದುಕೊಂಡೇ ಅಳುತ್ತದೆ. ಪ್ರಶ್ನೆ ಕೇಳುವವನು ಇನ್ನೂ ಸೆರಗನ್ನು ಬಿಟ್ಟಿಲ್ಲ ಎಂದು ನಾವು ತಿಳಿಯಬೇಕು. ಕೇಳುವುದನ್ನೇ ಬಿಟ್ಟು ಬಾಗಿಲ ಕಡೆಗೆ ನಡೆದವನ ಬಗೆಗೆ ಚಿಂತೆಪಡಬೇಕೇ ಹೊರತು ಅಳುತ್ತಿರುವವನ ಬಗೆಗಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊಟ್ಟಮೊದಲು ದೇವರ ಲೆಕ್ಕವನ್ನೂ ಮನುಷ್ಯರ ಲೆಕ್ಕವನ್ನೂ ಬೇರೆ ಬೇರೆ ಬರೆಯಬೇಕು. ತೊಗರಿಯ ನೆಟೆರೋಗವನ್ನೇ ತೆಗೆದುಕೊಳ್ಳಿ. ನೆಲದಲ್ಲಿ ಅಡಗಿರುವ ಒಂದು ಶಿಲೀಂಧ್ರ ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬಿತ್ತಿದರೆ ಅದು ನೆಲದಲ್ಲಿ ಹೆಚ್ಚುತ್ತ ಹೋಗುತ್ತದೆ. ಬೆಳೆ ಬದಲಿಸಿದರೆ, ಬೀಜೋಪಚಾರ ಮಾಡಿದರೆ, ರೋಗ ತಡೆಯುವ ತಳಿಗಳನ್ನು ಬಿತ್ತಿದರೆ ಅದರ ಹಾವಳಿ ತಗ್ಗುತ್ತದೆ. ಇದು ತಿಳಿಯದಿದ್ದ ಕಾಲದಲ್ಲಿ ಒಣಗಿದ ಗಿಡ ದೈವದ ಮುನಿಸಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ತಿಳಿದ ಮೇಲೂ ಅದನ್ನು ದೈವದ ಮೇಲೆ ಹಾಕುವುದು ಸೋಮಾರಿತನವಾಗುತ್ತದೆ.

ಹೊಳೆಯ ವಿಷಯವೂ ಅಷ್ಟೆ. ಮಳೆ ಸುರಿಸುವುದು ನಮ್ಮ ಕೈಯಲ್ಲಿಲ್ಲ. ಜಲಾಶಯದ ನೀರನ್ನು ಯಾವಾಗ ಎಷ್ಟು ಬಿಡಬೇಕು, ಕೆಳಗಿನ ಹಳ್ಳಿಗಳಿಗೆ ಎಷ್ಟು ಗಂಟೆ ಮೊದಲು ಸುದ್ದಿ ಮುಟ್ಟಬೇಕು, ಎರಡು ರಾಜ್ಯಗಳ ಅಧಿಕಾರಿಗಳು ಹೇಗೆ ಒಬ್ಬರೊಡನೊಬ್ಬರು ಮಾತಾಡಿಕೊಳ್ಳಬೇಕು, ಮುಳುಗುವ ತಾವಿನಿಂದ ಊರನ್ನು ಎತ್ತರದ ತಾವಿಗೆ ಎಂದು ಸಾಗಿಸಬೇಕು, ಇವೆಲ್ಲ ಮನುಷ್ಯರ ಕೆಲಸಗಳು. ಇವುಗಳಲ್ಲಿ ಲೋಪವಾದಾಗ “ದೇವರ ಲೀಲೆ” ಎಂದು ಕೈಮುಗಿದು ಸುಮ್ಮನಾಗುವುದು ಭಕ್ತಿಯಲ್ಲ. ದೇವರನ್ನು ಕೇಳುವವನು ಕಛೇರಿಯನ್ನೂ ಕೇಳಬೇಕು. ಜ್ವರ ಬಂದ ಮಗುವಿಗೆ ವೈದ್ಯರನ್ನು ಕರೆಯದೆ ಹರಕೆಯನ್ನಷ್ಟೇ ಹೊತ್ತುಕೊಂಡವನು ದೇವರನ್ನು ನಂಬಿದವನಲ್ಲ. ತನ್ನ ಪಾಲಿನ ಕೆಲಸವನ್ನು ದೇವರ ಮೇಲೆ ನೂಕಿದವನು.

ಇಷ್ಟನ್ನೆಲ್ಲ ಕಳೆದ ಮೇಲೂ ಒಂದು ಶೇಷ ಉಳಿಯುತ್ತದೆ. ವೈದ್ಯರನ್ನು ಕರೆದದ್ದಾಯಿತು, ಔಷಧ ಕೊಟ್ಟದ್ದಾಯಿತು, ಆದರೂ ಮಗು ಉಳಿಯಲಿಲ್ಲ. ಬೀಜೋಪಚಾರವೂ ಆಯಿತು, ಬದುವೂ ಹಾಕಿದ್ದಾಯಿತು, ಆದರೂ ನೂರು ಹೊಲಗಳಲ್ಲಿ ಈ ಒಂದು ಹೊಲವೇ ಕೊಚ್ಚಿಹೋಯಿತು. ಏಕೆಂಬುದಕ್ಕೆ ಯಾವ ಶಾಸ್ತ್ರದಲ್ಲಿಯೂ ಉತ್ತರವಿಲ್ಲ. ದೇವರಲ್ಲಿ ನಂಬಿಕೆ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಈ ಶೇಷದ ಮುಂದೆ ನಿಂತಾಗ. ಇಲ್ಲಿ ಕೊಳಕೂರದ ತಾಲ್ಲೂಕಿನವರೇ ಆದ ಒಬ್ಬ ಮಹನೀಯರನ್ನು ಸ್ಮರಿಸುವುದು ಯುಕ್ತ.

ಜೇವರ್ಗಿಯ ಷಣ್ಮುಖ ಶಿವಯೋಗಿಗಳು 1639ರಿಂದ 1711ರವರೆಗೆ ಬಾಳಿದವರು. ಹನ್ನೆರಡನೆಯ ಶತಮಾನದ ಶರಣರ ವಚನದ ಧಾರೆಯನ್ನು ಹದಿನೇಳನೆಯ ಶತಮಾನದಲ್ಲಿ ಮತ್ತೆ ಹರಿಸಿದವರಲ್ಲಿ ಅವರು ಪ್ರಮುಖರು. ಅವರ ಏಳುನೂರಕ್ಕೂ ಹೆಚ್ಚು ವಚನಗಳು ನಮಗೆ ಉಳಿದುಬಂದಿವೆ. ಅವರು ಬಾಳಿದ ಕಾಲ ಎಂಥದೆಂಬುದನ್ನು ಸ್ವಲ್ಪ ಯೋಚಿಸಿ. 1686ರಲ್ಲಿ ವಿಜಾಪುರದ ಆದಿಲಶಾಹಿ ರಾಜ್ಯ ಔರಂಗಜೇಬನ ಕೈವಶವಾಯಿತು. ಮರುವರ್ಷ ಗೋಲ್ಕೊಂಡವೂ ಬಿದ್ದಿತು. 1707ರಲ್ಲಿ ಅವನು ಸಾಯುವವರೆಗೂ ಮೊಗಲರ ದಂಡೂ ಮರಾಠರ ದಂಡೂ ದಖ್ಖಣವನ್ನು ತುಳಿಯುತ್ತಲೇ ಇದ್ದುವು. 1702ರಿಂದ 1704ರವರೆಗೆ ಬರವೂ ಪ್ಲೇಗೂ ಕೂಡಿ ಬಂದು 20 ಲಕ್ಷ ಜನ ಸತ್ತರೆಂದು ಆಗ ಭಾರತದಲ್ಲಿದ್ದ ಇಟಲಿಯ ಮನುಚ್ಚಿ ಬರೆದಿಟ್ಟಿದ್ದಾನೆ. ರಾಜ್ಯ ಒಡೆಯಿತು, ಊರು ಒಡೆಯಿತು, ಸಂಸಾರಗಳು ಒಡೆದುವು.

ಅಂಥ ಕಾಲದಲ್ಲಿ ಈ ಶಿವಯೋಗಿಗಳು ತಮ್ಮ ಪ್ರತಿಯೊಂದು ವಚನದಲ್ಲಿಯೂ ದೇವರನ್ನು ಕರೆದ ಹೆಸರು ‘ಅಖಂಡೇಶ್ವರ’. ಅದು ಅವರ ಗುರುಗಳ ಹೆಸರಿನಿಂದ ಬಂದ ಅಂಕಿತ, ದಿಟ. ಆದರೂ ಸುತ್ತಲಿನ ಲೋಕವೆಲ್ಲ ಖಂಡಖಂಡವಾಗುತ್ತಿದ್ದಾಗ, ಒಡೆಯದವನು ಎಂಬ ಅರ್ಥದ ಹೆಸರನ್ನು ಏಳುನೂರು ಬಾರಿ ಉಚ್ಚರಿಸುವುದೆಂದರೆ ಸಾಮಾನ್ಯವೇ? ಸುಖ ಕೊಟ್ಟಾಗ ಒಬ್ಬ ದೇವರು, ದುಃಖ ಬಂದಾಗ ಬೇರೊಬ್ಬ ದೇವರು ಎಂದಿಲ್ಲ. ಬೆಳಕಿನಲ್ಲಿ ಕೈ ಹಿಡಿದವನೇ ಕತ್ತಲೆಯಲ್ಲಿಯೂ ಜೊತೆಯಲ್ಲಿರುವನು. ಕತ್ತಲೆಯ ಕಾರಣ ನಮಗೆ ತಿಳಿಯದಿರಬಹುದು, ಕೈ ಅದೇ ಎಂಬುದು ತಿಳಿದರೆ ಸಾಕು. ಆ ಹೆಸರಿನಲ್ಲಿ ನನಗೆ ಕೇಳಿಸುವ ಅರ್ಥ ಇದು. ಇದು ಕಷ್ಟಕ್ಕೆ ವಿವರಣೆಯಲ್ಲ. ವಿವರಣೆಯಿಲ್ಲದೆಯೂ ಮನುಷ್ಯ ನಿಲ್ಲಬಹುದಾದ ನೆಲ.

ಆ ನೆಲದ ಮೇಲೆ ನಿಂತವರು ಏನು ಮಾಡುತ್ತಾರೆಂಬುದಕ್ಕೆ ಅದೇ ತಾಲ್ಲೂಕಿನ ಇನ್ನೊಂದು ಊರು ಉದಾಹರಣೆ ಕೊಟ್ಟಿದೆ. ಕಲಬುರಗಿಯ ಶರಣಬಸವೇಶ್ವರರು 1746ರಲ್ಲಿ ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಅವರು ಒಕ್ಕಲುತನದ ಮನೆಯವರು. ಬೆಳೆದು ನಿಂತ ಜೋಳದ ಹೊಲಕ್ಕೆ ಹಕ್ಕಿಗಳು ಇಳಿದಾಗ ಕವಣೆಯಿಂದ ಅವನ್ನು ಓಡಿಸುವ ಬದಲು, ತಿಂದ ಹಕ್ಕಿಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಹಾಗಿದ್ದೂ ಹೊಲ ಹುಲುಸಾಗಿ ಬೆಳೆಯಿತೆಂದು ಭಕ್ತರು ಹೇಳುತ್ತಾರೆ. ಆ ಕೊನೆಯ ಮಾತನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾವು ಗಮನಿಸಬೇಕಾದದ್ದು ಬೇರೆ: ಬೆಳೆ ಎಷ್ಟಾಗುವುದೆಂದು ತಿಳಿಯುವ ಮೊದಲೇ ಅವರು ಹಕ್ಕಿಗಳಿಗೆ ನೀರಿಟ್ಟಿದ್ದರು.

ಮುಂದೆ ಅವರು ಕಲಬುರಗಿಗೆ ಬಂದು ನೆಲಸಿ, ಬಂದವರಿಗೆಲ್ಲ ಅನ್ನವಿಕ್ಕುವ ದಾಸೋಹವನ್ನು ನಡೆಸಿ, 1822ರಲ್ಲಿ ಲಿಂಗೈಕ್ಯರಾದರು. ಮೊದಲು ಹೇಳಿದ ತಲೆಬುರುಡೆಯ ಬರ ಬಂದಾಗ ಅವರಿಗೆ ಸುಮಾರು ನಲವತ್ತೈದು ವರ್ಷ. ದಾಸೋಹ ಎಂಬುದು ಹಸಿವನ್ನು ಪುಸ್ತಕದಲ್ಲಿ ಓದಿದವರು ಕಟ್ಟಿದ ಸಂಸ್ಥೆಯಲ್ಲ. ಹಸಿದು ಸತ್ತವರನ್ನು ಕಂಡ ತಲೆಮಾರು ಕಟ್ಟಿದ್ದು. ಬರ ಏಕೆ ಬಂತು ಎಂಬ ಪ್ರಶ್ನೆಗೆ ಆ ತಲೆಮಾರು ಉತ್ತರ ಹೇಳಲಿಲ್ಲ, ಒಲೆ ಹೊತ್ತಿಸಿತು. ಅವರ ಗುಡಿಯ ದಾಸೋಹದಲ್ಲಿ ಎಲೆ ಹಾಕುವುದು ಇಂದಿಗೂ ನಿಂತಿಲ್ಲ. ಹೋಳಿಹುಣ್ಣಿಮೆಯಾದ ಐದನೆಯ ದಿನ ಎಳೆಯುವ ಅವರ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ.

ಈ ಗುಣ ಒಂದು ಮತಕ್ಕೆ ಮೀಸಲಾದುದೆಂದು ಯಾರೂ ತಿಳಿಯಬಾರದು. ಶರಣಬಸವೇಶ್ವರರಿಗಿಂತ ನಾಲ್ಕು ನೂರು ವರ್ಷ ಮೊದಲು, 1378ರಿಂದ 1397ರವರೆಗೆ, ಅದೇ ಕಲಬುರಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದನ ಕಾಲದಲ್ಲಿಯೂ ಬರ ಬಂದಿತ್ತು. ಅವನು ತನ್ನ ಸ್ವಂತ ಖರ್ಚಿನಿಂದ ಹತ್ತು ಸಾವಿರ ಎತ್ತುಗಳನ್ನು ಮಾಳವಕ್ಕೂ ಗುಜರಾತಿಗೂ ಕಳುಹಿಸಿ ಧಾನ್ಯ ತರಿಸಿ ಅಗ್ಗದ ಬೆಲೆಗೆ ಮಾರಿಸಿದನೆಂದೂ, ಕಲಬುರಗಿ, ಬೀದರ ಮೊದಲಾದ ಪಟ್ಟಣಗಳಲ್ಲಿ ತಬ್ಬಲಿ ಮಕ್ಕಳಿಗಾಗಿ ಪಾಠಶಾಲೆಗಳನ್ನು ತೆರೆದನೆಂದೂ ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದೇವರ ಇಚ್ಛೆಯೆಂದು ಆ ದೊರೆ ಅರಮನೆಯ ಬಾಗಿಲು ಮುಚ್ಚಿ ಪ್ರಾರ್ಥನೆಗೆ ಕುಳಿತಿದ್ದರೆ ಅವನನ್ನು ಆಕ್ಷೇಪಿಸುವವರು ಇರುತ್ತಿರಲಿಲ್ಲ. ಅವನು ಎತ್ತುಗಳನ್ನು ಹೊರಡಿಸಿದನು.

ಈಗ ಮತ್ತೆ ನಮ್ಮ ಗಾದೆಗೆ ಬರೋಣ. “ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ” ಎಂಬುದನ್ನು ದೇವರು ಬರೆದುಕೊಟ್ಟ ಕರಾರುಪತ್ರವೆಂದು ತಿಳಿದರೆ, ತಲೆಬುರುಡೆಯ ಬರ ಅದನ್ನು ಹರಿದು ಹಾಕಿತೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ಆ ಗಾದೆಯನ್ನು ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳಬಾರದು. ಹೊಟ್ಟೆ ತುಂಬಿದವನು ತನಗೆ ತಾನೇ ಹೇಳಿಕೊಳ್ಳಬೇಕು. ದೇವರು ಹುಟ್ಟಿಸಿದ ಜೀವ ನನ್ನ ಮಗ್ಗುಲ ಮನೆಯಲ್ಲಿ ಹುಲ್ಲು ಮೇಯಬಾರದು. ಮೇಯದಂತೆ ನೋಡಿಕೊಳ್ಳಲು ಅವನು ನನ್ನನ್ನು ಇಲ್ಲಿ ಇಟ್ಟಿದ್ದಾನೆ. ಹೀಗೆ ಓದಿದಾಗ ಗಾದೆ ಸುಳ್ಳಾಗುವುದೂ ನಿಜವಾಗುವುದೂ ಬಹುಪಾಲು ನಮ್ಮ ಕೈಯಲ್ಲಿರುತ್ತದೆ.

ಹಾಗಾದರೆ ದೇವರನ್ನು ಬದಿಗಿಟ್ಟು ಪರೋಪಕಾರವೊಂದನ್ನೇ ಮಾಡಿದರಾಗದೇ ಎಂದು ಕೆಲವರು ಕೇಳಬಹುದು. ಮಾಡುವವರು ಧಾರಾಳವಾಗಿ ಮಾಡಲಿ. ಅವರ ಕೈಯ ಅನ್ನವೂ ಅನ್ನವೇ. ಆದರೆ ಕೊಟ್ಟ ಕೈ ಸೋಲುವ ದಿನವೂ ಬರುತ್ತದೆ. ನಾವು ಮಾಡಿದ್ದೆಲ್ಲ ಮಾಡಿಯೂ ಮಗು ಉಳಿಯದ ದಿನ, ಬಿತ್ತಿದ್ದೆಲ್ಲ ಕೊಚ್ಚಿಹೋದ ದಿನ, ಮರುದಿನ ಎದ್ದು ಕೂರಿಗೆ ಹೂಡುವ ಬಲ ಎಲ್ಲಿಂದ ಬರಬೇಕು? ಲೆಕ್ಕ ನೋಡಿ ಬಿತ್ತುವುದಾದರೆ, ಮೂರು ಬಾರಿ ಬೆಳೆ ಕಳೆದುಕೊಂಡ ಒಕ್ಕಲಿಗ ನಾಲ್ಕನೆಯ ಬಾರಿ ಬಿತ್ತುವ ಕಾರಣವೇ ಇಲ್ಲ. ಆದರೂ ಅವನು ಬಿತ್ತುತ್ತಾನೆ. ಸಾಲಕ್ಕಾಗಿ ಬಿತ್ತುತ್ತಾನೆ, ಮಕ್ಕಳಿಗಾಗಿ ಬಿತ್ತುತ್ತಾನೆ, ಬೇರೆ ದಾರಿಯಿಲ್ಲದೆ ಬಿತ್ತುತ್ತಾನೆ ಎಂಬುದೆಲ್ಲ ನಿಜ. ಇವೆಲ್ಲದರ ಅಡಿಯಲ್ಲಿ, ನೆಲವೂ ಮಳೆಯೂ ತನ್ನ ಹಗೆಗಳಲ್ಲ ಎಂಬ ಒಂದು ಮೌನವಾದ ವಿಶ್ವಾಸವೂ ಇರುತ್ತದೆ. ಅವನು ಅದನ್ನು ತತ್ತ್ವವಾಗಿ ಹೇಳಲಾರ. ಹಬ್ಬವಾಗಿ ಆಚರಿಸುತ್ತಾನೆ.

ಎಳ್ಳಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಹೊಲಗಳನ್ನು ನೋಡಿದವರಿಗೆ ಈ ಮಾತಿನ ಅರ್ಥವಾಗುವುದು. ಅಂದು ಪಟ್ಟಣದಲ್ಲಿ ನೌಕರಿಯಲ್ಲಿರುವವರೂ ರಜೆ ಹಾಕಿ ಊರಿಗೆ ಬರುತ್ತಾರೆ. ಹೆಣ್ಣುಮಕ್ಕಳು ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿಗಳ ಬುತ್ತಿ ಕಟ್ಟಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಯನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ತಾವು ಉಣ್ಣುವ ಮೊದಲು ನೆಲಕ್ಕೆ ಉಣಿಸುವ ಪದ್ಧತಿ ಅದು. ಜೋಳ ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ. ರಾಶಿ ಎಷ್ಟಾದೀತೆಂಬುದು ಯಾರಿಗೂ ತಿಳಿದಿರುವುದಿಲ್ಲ. ಹಿಂದಿನ ವರ್ಷ ಅದೇ ಹೊಲದಲ್ಲಿ ಹೊಳೆ ಹರಿದಿರಬಹುದು. ಆದರೂ ಕೈ ಮುಚ್ಚುವುದಿಲ್ಲ, ಚರಗ ಚೆಲ್ಲುತ್ತದೆ.

ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಓಣಿಯಲ್ಲಿಯೋ ಬಳಗದಲ್ಲಿಯೋ ದುಃಖ ಬಂದೆರಗಿದ ಮನೆಯೊಂದು ಇದ್ದೇ ಇರುತ್ತದೆ. ಅಲ್ಲಿಗೆ ಹೋಗುವಾಗ ಕಾರಣಗಳನ್ನು ಹೊತ್ತುಕೊಂಡು ಹೋಗಬೇಡಿ. ಕರ್ಮ, ಗ್ರಹಚಾರ, ದೇವರ ಇಚ್ಛೆ, ಒಳ್ಳೆಯದಕ್ಕೇ ಎಂಬ ಮಾತುಗಳನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆಯಲ್ಲಿಯೇ ಬಿಡಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅನ್ನ ತರುತ್ತಾರೆ ಎಂಬ ಪದ್ಧತಿಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿಲ್ಲ. ಅಡಿಗೆ ಮಾಡಿ ತೆಗೆದುಕೊಂಡು ಹೋಗಿ. ಉಣ್ಣಲೊಲ್ಲದವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ದೇವರನ್ನು ಬೈದರೆ ಬೈಯಲಿ. ದೇವರು ಅದನ್ನು ತಾಳಿಕೊಳ್ಳಬಲ್ಲನು, ನೀವೂ ತಾಳಿಕೊಳ್ಳಿ. ಹದಿಮೂರನೆಯ ದಿನ ಬಳಗವೆಲ್ಲ ಚದರಿದ ಮೇಲೆ, ಹದಿನಾಲ್ಕನೆಯ ದಿನ ಮರೆಯದೆ ಮತ್ತೊಮ್ಮೆ ಹೋಗಿ. ಆ ಮನೆಯವರಿಗೆ ಅಂದು ನೆರೆಯವರ ನೆನಪು ಹೆಚ್ಚು ಬೇಕಾಗಿರುತ್ತದೆ.